2,14,74,83,647: ಬರೀ ಕುತೂಹಲದ ಸಂಖ್ಯೆಯೇ?

ಮೂವತ್ತೊಂದು ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ ಒಂದನ್ನು ಕಳೆಯಿರಿ. ಸಿಗುವುದು 2,14,74,83,647. ಒಂದು ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದೂ ಇದನ್ನು ಶೇಷವಿಲ್ಲದೆ ಭಾಗಿಸದು. ಅಂದರೆ ಇದು ಅವಿಭಾಜ್ಯ.

ಹೇಳುವುದು ಸುಲಭ, ತೋರಿಸುವುದು ಕಷ್ಟ. ಘಾತ (ಇಲ್ಲಿ 31) ಅವಿಭಾಜ್ಯವಾಗಿದ್ದ ಮಾತ್ರಕ್ಕೆ ಫಲ ಅವಿಭಾಜ್ಯವಾಗಬೇಕೆಂದಿಲ್ಲ. 11ನ್ನೇ ನೋಡಿ: ಎರಡರ ಹನ್ನೊಂದನೆಯ ಘಾತದಲ್ಲಿ ಒಂದು ಕಳೆದರೆ 2047, ಅದು 23 ಮತ್ತು 89ರ ಗುಣಲಬ್ಧ. ಫ್ರಾನ್ಸಿನ ಪಾದ್ರಿ ಮರಿನ್ ಮರ್ಸೆನ್ 1644ರಲ್ಲಿ ಅವಿಭಾಜ್ಯ ಫಲ ಕೊಡುವ ಘಾತಗಳ ಪಟ್ಟಿಯೊಂದನ್ನು ಕೊಟ್ಟರು. ಪುರಾವೆ ಕೊಡಲಿಲ್ಲ. ಪಟ್ಟಿಯಲ್ಲಿದ್ದ 67 ಮತ್ತು 257 ತಪ್ಪೆಂದು ಬಹಳ ಕಾಲದ ಮೇಲೆ ತಿಳಿಯಿತು. ಆದರೆ 31 ಗಟ್ಟಿಯಾಗಿ ನಿಂತಿತು.

ಅದನ್ನು ಗಟ್ಟಿ ಮಾಡಿದವರು ಗಣಿತಜ್ಞ ಆಯ್ಲರ್, 1772ರಲ್ಲಿ. ಆಗ ಅವರಿಗೆ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಈ ಸಂಖ್ಯೆಯ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಿದರೆ ಸಾಕು. ಆದರೆ ಅವೇ ಸಾವಿರಾರು ಇವೆ! 2047ಕ್ಕೆ ಮರಳೋಣ: 23 ಮತ್ತು 89, ಎರಡನ್ನೂ 11ರ ಇಮ್ಮಡಿಯಾದ 22ರಿಂದ ಭಾಗಿಸಿದರೆ ಶೇಷ 1. ಇದು ಆಕಸ್ಮಿಕವಲ್ಲ. ನಮ್ಮ ಸಂಖ್ಯೆಗೆ ಅವಿಭಾಜ್ಯ ಭಾಜಕವಿದ್ದರೆ ಅದನ್ನು 31ರ ಇಮ್ಮಡಿಯಾದ 62ರಿಂದ ಭಾಗಿಸಿದಾಗ 1 ಉಳಿಯಲೇಬೇಕು. 8ರಿಂದ ಭಾಗಿಸಿದಾಗ 1 ಇಲ್ಲವೇ 7. ಎರಡು ಷರತ್ತನ್ನೂ ದಾಟಿ ಬರುವ ಸಂಖ್ಯೆಗಳು ಸುಮಾರು 370 ಮಾತ್ರ. ಅವುಗಳಲ್ಲೂ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರಾಯಿತು. ಯಾವುದೂ ಭಾಗಿಸಲಿಲ್ಲ. ಲೆಕ್ಕ ಮಾಡುವುದಕ್ಕಿಂತ ಯಾವ ಲೆಕ್ಕ ಬೇಡವೆಂದು ಕಂಡುಕೊಳ್ಳುವುದೇ ಇಲ್ಲಿನ ಜಾಣತನ. ಆಮೇಲೆ ಬಹಳ ಕಾಲ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ.

ಇದನ್ನು ಎರಡರ ಮೂವತ್ತನೆಯ ಘಾತದಿಂದ ಗುಣಿಸಿದರೆ 2305843008139952128 ಬರುತ್ತದೆ. ಇದೊಂದು ಪರಿಪೂರ್ಣ ಸಂಖ್ಯೆ: ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ಮತ್ತೆ ತಾನೇ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಕಂಡುಹಿಡಿಯಲಾರರು, ಇವು ಬರೀ ಕುತೂಹಲದವು, ಉಪಯೋಗವಿಲ್ಲದವು ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೋ 1811ರಲ್ಲಿ ಬರೆದರು. 1876ರಲ್ಲೇ ಗಣಿತಜ್ಞ ಲೂಕಾಸ್ ಮೊದಲ ಮಾತನ್ನು ಸುಳ್ಳು ಮಾಡಿದರು.

ಇನ್ನು ಉಪಯೋಗದ ಮಾತು. ದ್ವಿಮಾನ ಪದ್ಧತಿಯಲ್ಲಿ ಇದು ಸಾಲಾಗಿ ಮೂವತ್ತೊಂದು ಒಂದುಗಳು. 32 ಬಿಟ್‌ಗಳಲ್ಲಿ ಒಂದನ್ನು ಧನ-ಋಣ ಚಿಹ್ನೆಗೆ ಬಿಟ್ಟರೆ ಕಂಪ್ಯೂಟರು ಬರೆಯಬಲ್ಲ ಅತಿ ದೊಡ್ಡ ಪೂರ್ಣಾಂಕ. 1970ರ ಜನವರಿ 1ರಿಂದ ಸೆಕೆಂಡು ಎಣಿಸುವ ಹಳೆಯ ವ್ಯವಸ್ಥೆಗಳು ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಸಂಖ್ಯೆ ಮುಟ್ಟುತ್ತವೆ. ತಿದ್ದದೆ ಬಿಟ್ಟರೆ ಮರುಕ್ಷಣ 1901ರ ಡಿಸೆಂಬರಿಗೆ ಜಾರುತ್ತವೆ.

ಇದರಲ್ಲಿ ಅವಿಭಾಜ್ಯತೆಗೆ ಪಾತ್ರವಿಲ್ಲ, ನಿಜ. ಅದು ಕೆಲಸಕ್ಕೆ ಬರುವುದು ಬೇರೆ ಕಡೆ. ಸೊನ್ನೆಯಲ್ಲದ, ನಮ್ಮ ಸಂಖ್ಯೆಗಿಂತ ಚಿಕ್ಕದಾದ ಯಾವುದಾದರೂ ಧನ ಪೂರ್ಣಾಂಕವನ್ನು 16,807ರಿಂದ ಗುಣಿಸಿ, ನಮ್ಮ ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ಮತ್ತೆ ಗುಣಿಸುತ್ತ ಹೋದರೆ ಅಂದಾಜಿಗೆ ಸಿಗದಂತೆ ತೋರುವ ಸಂಖ್ಯೆಗಳ ಸಾಲು ಹೊರಡುತ್ತದೆ. ಪಾರ್ಕ್ ಮತ್ತು ಮಿಲ್ಲರ್ 1988ರಲ್ಲಿ ಶಿಫಾರಸು ಮಾಡಿದ ವಿಧಾನವಿದು. 2,14,74,83,646 ಹೆಜ್ಜೆ ಮುಗಿಯುವ ತನಕ ಒಂದು ಸಂಖ್ಯೆಯೂ ಮರಳಿ ಬರುವುದಿಲ್ಲ. ಭಾಜಕ ಅವಿಭಾಜ್ಯವಲ್ಲದಿದ್ದರೆ ಈ ವಿಧಾನದಲ್ಲಿ ಅಷ್ಟು ಉದ್ದದ ಸುತ್ತು ಸಾಧ್ಯವೇ ಇಲ್ಲ.