ಸೀಗಡಿ ಸತ್ತಿತು, ಮೀನು ಬದುಕಿತು!

ಬೆಳಗಿನ ಕಾಫಿ ಇನ್ನೂ ಒಲೆಯ ಮೇಲಿತ್ತು. ಹತ್ತನೇ ತರಗತಿಯ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು, ‘ಇನ್ನೊಂದು ಹೋಯ್ತು’ ಎಂದಳು. ಅಷ್ಟೇ ಮಾತು. ಒಂದೇ ತಿಂಗಳಲ್ಲಿ ನಮ್ಮ ಮನೆಯ ನಾಲ್ಕನೇ ಸಾವು ಅದು. ಮೊದಲು ಮೂರು ಬಸವನಹುಳುಗಳು, ಈಗ ಕೆಂಪು ಪಟ್ಟೆಯ ಸೀಗಡಿ. ವಿಚಿತ್ರವೆಂದರೆ, ಅದೇ ನೀರಿನಲ್ಲಿದ್ದ ಎರಡು ಕ್ಲೌನ್ ಮೀನುಗಳು ಏನೂ ಆಗದವರಂತೆ ಬಾಲ ಆಡಿಸಿಕೊಂಡು ತಿಂಡಿಗೆ ಕಾಯುತ್ತಿದ್ದವು.

ವೈಯಾಲಿಕಾವಲಿನ ನಮ್ಮ ಹಳೇ ಮನೆಯ ನಡುಮನೆಯಲ್ಲಿ ನೂರು ಲೀಟರಿನ ಗಾಜಿನ ತೊಟ್ಟಿಯೊಂದಿದೆ. ಸ್ಯಾಂಕಿ ಕೆರೆ ಹತ್ತಿರವೇ ಇದ್ದರೂ ಸಮುದ್ರ ಮುನ್ನೂರು ಕಿಲೋಮೀಟರಿಗೂ ಆಚೆ. ಆದ್ದರಿಂದ ಸಮುದ್ರವನ್ನು ನಾವೇ ತಯಾರಿಸಬೇಕು. ಲೀಟರಿಗೆ ಸುಮಾರು 35 ಗ್ರಾಂ ಲವಣ ಮಿಶ್ರಣ, ದಿನವಿಡೀ ಓಡುವ ಪಂಪು, ಒಂದು ಥರ್ಮಾಮೀಟರು. ಮಗಳ ವಾರ್ಷಿಕ ಅಂಕಗಳಿಗೆ ಬಹುಮಾನವಾಗಿ ಬಂದದ್ದು ಇದು. ಬಹುಮಾನ ಹೀಗೆ ಒಂದೊಂದಾಗಿ ಸಾಯುತ್ತದೆಂದು ಯಾರಿಗೆ ಗೊತ್ತಿತ್ತು?

ಮೊದಲಿಗೆ ಅವಳು ಕೇಳಿದ್ದು ಹವಳ. ಚಿತ್ರಗಳಲ್ಲಿ ಕಾಣುವಂಥ ಬಣ್ಣದ ಹವಳದ ತೋಟವೇ ಬೇಕಿತ್ತು. ಬೇಡವೆಂದೆ. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಅಂದರೆ ಹುಲಿ, ಆನೆಗಳ ಪಂಕ್ತಿಯಲ್ಲಿ. ಅಂಗಡಿಯವನು ಕೊಟ್ಟರೂ ನಾವು ತರುವಂತಿಲ್ಲ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಅಲ್ಲಿಗೇ ಹೋಗಿ ನೋಡೋಣ ಎಂದು ಸಮಾಧಾನ ಹೇಳಿದ್ದೆ. ಕಡಲಲ್ಲೇ ಅವಕ್ಕೆ ಸುಖವಿಲ್ಲ ಎನ್ನುವುದು ಬೇರೆ ಮಾತು. 1998, 2010 ಮತ್ತು 2016ರಲ್ಲಿ ಕಡಲು ಬಿಸಿಯಾದಾಗ ಲಕ್ಷದ್ವೀಪದ ಹವಳಗಳು ಬೆಳ್ಳಗಾದವು. ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿ ಕೆಲವು ವಾರ ನಿಂತರೆ ಸಾಕು, ಹವಳ ತನ್ನ ಮೈಯೊಳಗೆ ಬಾಡಿಗೆಗಿದ್ದು ಊಟ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹೊರಹಾಕಿಬಿಡುತ್ತದೆ. ಅಲ್ಲಿ ಕಾರಣ ಹುಡುಕುವವರು ಮೊದಲು ನೋಡುವುದು ಥರ್ಮಾಮೀಟರನ್ನು. ನಾವೂ ಅದನ್ನೇ ನೋಡಿದೆವು. 26 ಡಿಗ್ರಿ. ಅದರ ತಪ್ಪಲ್ಲ.

ಸಾವು ಶುರುವಾದಾಗ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಅಂಗಡಿಗೆ ಹೋಗಿ ಒಂದು ಔಷಧಿ ಬಾಟಲಿ ತಂದೆ. ಮುಚ್ಚಳ ತೆಗೆಯುವಷ್ಟರಲ್ಲಿ ಮಗಳು ತಡೆದಳು. ‘ಏನು ರೋಗ ಅಂತ ಗೊತ್ತಿಲ್ಲದೆ ಏನು ಔಷಧಿ?’ ಮಾತು ಚುಚ್ಚಿತು, ಆದರೆ ನ್ಯಾಯವಾಗಿತ್ತು. ಬಾಟಲಿ ಕಪಾಟು ಸೇರಿತು. ಒಂದು ಇನ್ನೂರು ಪುಟದ ನೋಟ್ ಬುಕ್ ಹೊರಗೆ ಬಂತು.

ಅದರಲ್ಲಿ ಅವಳು ಬರೆದ ಮೊದಲ ಪ್ರಶ್ನೆ: ಯಾರು ಮೊದಲು ಸತ್ತರು? ಪೊಲೀಸರು ಕೇಳುವಂಥದ್ದೇ. ಆದರೆ ತೊಟ್ಟಿಯ ವಿಷಯದಲ್ಲಿ ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಪ್ರಾಣವಾಯು ಕಡಿಮೆಯಾದರೆ ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಒದ್ದಾಡುತ್ತವೆ, ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಡುತ್ತವೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ತೇಲಿದ್ದು ನಿಮಗೆ ನೆನಪಿರಬಹುದು. ಕೊಳಚೆ ಸೇರಿದ ನೀರಿನಲ್ಲಿ ಪ್ರಾಣವಾಯು ಕುಸಿದಿತ್ತು. ಮನೆಯ ತೊಟ್ಟಿಗೂ ಈ ಅಪಾಯ ಇದ್ದೇ ಇದೆ, ಅದರಲ್ಲೂ ಬೆಂಗಳೂರಿನಲ್ಲಿ. ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ನಮ್ಮೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರಿನಲ್ಲಿ ಕರಗುವ ಪ್ರಾಣವಾಯುವೂ ಕರಾವಳಿಗಿಂತ ಶೇಕಡಾ ಹತ್ತರಷ್ಟು ಕಡಿಮೆ. ಉಪ್ಪು ನೀರಿನಲ್ಲಂತೂ ಇನ್ನೂ ಕಡಿಮೆ. ರಾತ್ರಿ ಕರೆಂಟು ಹೋಗಿ ಪಂಪು ನಿಂತರೆ ಮುಗಿಯಿತು. ಆದರೆ ನಮ್ಮ ಮೀನುಗಳು ಬಾಯಿ ಬಿಟ್ಟಿರಲಿಲ್ಲ.

ಅಮೋನಿಯಾ ಇರಬಹುದೇ? ಮೀನಿನ ಮಲ, ಕೊಳೆತ ಆಹಾರ ಇವುಗಳಿಂದ ಬರುವ ವಿಷ ಅದು. ಮರಳು, ಕಲ್ಲುಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಕೆಡುಕಲ್ಲದ ನೈಟ್ರೇಟ್ ಮಾಡುತ್ತವೆ. ಅವು ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಗೆ ಮೊದಲ ದಿನವೇ ಡಜನ್ ಮೀನು ಬಿಟ್ಟು ವಾರದೊಳಗೆ ಎಲ್ಲವನ್ನೂ ಕಳೆದುಕೊಳ್ಳುವವರ ಕಥೆ ಇಷ್ಟೇ. ನಮ್ಮದು ಐದು ತಿಂಗಳ ತೊಟ್ಟಿ. ಪರೀಕ್ಷೆಯಲ್ಲಿ ಅಮೋನಿಯಾ ಸೊನ್ನೆ.

ಸೊಳ್ಳೆ ಔಷಧಿಯ ಮೇಲೂ ಅನುಮಾನ ಬಂತು. ಅದರಲ್ಲಿರುವ ಪೈರೆಥ್ರಾಯ್ಡ್ ಸೊಳ್ಳೆಗೆ ಎಷ್ಟು ಮಾರಕವೋ ಸೀಗಡಿಗೂ ಅಷ್ಟೇ, ಮೀನಿಗೂ ಆಗದು. ತೊಟ್ಟಿಯಿರುವ ಕೋಣೆಯಲ್ಲಿ ಸಿಂಪಡಿಸಿದರೆ ಗಾಳಿಯ ಪಂಪೇ ಅದನ್ನು ನೀರಿಗೆ ತಲುಪಿಸುತ್ತದೆ. ನಮ್ಮಲ್ಲಿ ಸೊಳ್ಳೆಪರದೆ. ಅಲ್ಲದೆ, ಹಾಗೆ ಸಾಯುವುದಾದರೆ ಗಂಟೆಗಳ ಲೆಕ್ಕ, ವಾರಗಳದ್ದಲ್ಲ.

ವಾರವಾದರೂ ದಾರಿ ಕಾಣಲಿಲ್ಲ. ಕೊನೆಗೆ ಸುಳಿವು ಕೊಟ್ಟಿದ್ದು ಕಪಾಟಿನಲ್ಲಿದ್ದ ಅದೇ ಬಾಟಲಿ! ಮಗಳು ಅದರ ಚೀಟಿ ಓದುತ್ತಾ ಕೂತಿದ್ದಳು. ‘ತಾಮ್ರದ ಸಲ್ಫೇಟ್. ಸೀಗಡಿ, ಬಸವನಹುಳು ಇರುವ ತೊಟ್ಟಿಗೆ ಹಾಕಬಾರದು.’ ಮೀನಿನ ಮೈಮೇಲಿನ ಪರೋಪಜೀವಿಗಳನ್ನು ಕೊಲ್ಲಲು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ಬಳಸುತ್ತಾರೆ. ಮೀನು ಅದನ್ನು ತಾಳಿಕೊಳ್ಳುತ್ತದೆ. ಬೆನ್ನೆಲುಬಿಲ್ಲದ ಜೀವಿಗಳು ತಾಳವು, ಹವಳವೂ ಅಷ್ಟೇ. ತಮಾಷೆಯೆಂದರೆ ಸೀಗಡಿಯ ರಕ್ತದಲ್ಲಿ ಪ್ರಾಣವಾಯು ಹೊರುವ ವಸ್ತುವಿನಲ್ಲಿ ಇರುವುದೂ ತಾಮ್ರವೇ. ನಮ್ಮ ರಕ್ತಕ್ಕೆ ಕಬ್ಬಿಣ ಇದ್ದ ಹಾಗೆ. ಮೈಯೊಳಗೆ ಬೇಕಾದದ್ದೇ ನೀರಿನಲ್ಲಿ ಹೆಚ್ಚಾದರೆ ವಿಷ.

ಸಾವಿನ ಸರದಿಗೆ ತಾಮ್ರ ಸರಿಯಾಗಿ ಹೊಂದುತ್ತಿತ್ತು. ಪರೀಕ್ಷೆಯ ಕಿಟ್ ತರಿಸಿದೆವು, ಬಣ್ಣ ತಿರುಗಿತು. ಆದರೆ ಔಷಧಿಯನ್ನು ನಾವು ಹಾಕಿಯೇ ಇಲ್ಲವಲ್ಲ, ತಾಮ್ರ ಬಂದದ್ದೆಲ್ಲಿಂದ?

ನೀವು ಊಹಿಸಿರಬಹುದು. ಬಚ್ಚಲುಮನೆಯ ಹಂಡೆ!

ನಲ್ಲಿಯ ನೀರಿನ ಕ್ಲೋರಿನ್ ಹೋಗಲೆಂದು ರಾತ್ರಿಯಿಡೀ ನೀರು ತೆರೆದಿಡಬೇಕೆಂದು ಎಲ್ಲರೂ ಹೇಳುತ್ತಾರೆ. ನಾವೂ ಇಡುತ್ತಿದ್ದೆವು, ಅಜ್ಜಿಯ ಕಾಲದ ತಾಮ್ರದ ಹಂಡೆಯಲ್ಲಿ. ಮೇಲಾಗಿ ಯುಗಾದಿಗೆ ಅಮ್ಮ ಅದನ್ನು ಹುಣಸೆಹಣ್ಣು ಹಚ್ಚಿ ಥಳಥಳ ಬೆಳಗಿದ್ದಳು. ಹಳೆಯ ಕಿಲುಬು ಹೋಗಿ ಹೊಸ ಲೋಹ ನೀರಿಗೆ ತೆರೆದುಕೊಂಡಿತ್ತು.

ಮಗಳ ಲೆಕ್ಕ ನೋಡಿ. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಆಯುರ್ವೇದ ಸಂಶೋಧಕರ ಅಧ್ಯಯನವೊಂದರಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿಗೆ ಲೀಟರಿಗೆ 0.177 ಮಿಲಿಗ್ರಾಂ ತಾಮ್ರ ಸೇರಿತ್ತು. ಕಾಲರಾ, ಟೈಫಾಯ್ಡ್ ರೋಗಾಣುಗಳು ಅದರಲ್ಲಿ ಸತ್ತಿದ್ದವು. ನಮ್ಮ ತೊಟ್ಟಿಯಿಂದ ಬೇಸಿಗೆಯಲ್ಲಿ ದಿನಕ್ಕೆ ಎರಡು ಲೀಟರ್ ಆವಿಯಾಗುತ್ತಿತ್ತು. ಅಷ್ಟೇ ನೀರನ್ನು ಹಂಡೆಯಿಂದ ತುಂಬುತ್ತಿದ್ದೆವು. ಆವಿಯಾಗುವುದು ನೀರು ಮಾತ್ರ, ತಾಮ್ರವಲ್ಲ. ದಿನಕ್ಕೆ ಸುಮಾರು 0.35 ಮಿಲಿಗ್ರಾಂ ಎಂದರೆ ಎರಡು ತಿಂಗಳಿಗೆ 21. ನೂರು ಲೀಟರಿಗೆ ಹಂಚಿದರೆ ಲೀಟರಿಗೆ 0.21 ಮಿಲಿಗ್ರಾಂ. ಒಂದಿಷ್ಟು ಮರಳಿಗೆ, ಕಲ್ಲಿಗೆ ಅಂಟಿಕೊಂಡಿರುತ್ತದೆ, ನಿಜ. ಆದರೂ ಬಾಟಲಿ ತೆರೆಯದೆಯೇ ಔಷಧಿ ಹಾಕಿಬಿಟ್ಟಿದ್ದೆವು!

‘ಹಾಗಾದರೆ ನಾನು ತಂಬಿಗೆಯಲ್ಲಿಟ್ಟು ಕುಡಿಯೋ ನೀರು?’ ಅಮ್ಮ ಗಾಬರಿಯಾದಳು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 2 ಮಿಲಿಗ್ರಾಂ, ಆ ಅಧ್ಯಯನದ ಅಂಕಿ ಅದರ ಹತ್ತನೇ ಒಂದು ಭಾಗವೂ ಇಲ್ಲ ಎಂದು ಮೊಮ್ಮಗಳು ಧೈರ್ಯ ಹೇಳಿದಳು. ಅಜ್ಜಿ ಸೀಗಡಿಯಲ್ಲವಲ್ಲ.

ಆಮೇಲಿನದ್ದು ಬರೀ ದುಡಿಮೆ. ನೀರಿಗೆ ಪ್ಲಾಸ್ಟಿಕ್ ಡ್ರಮ್ ಬಂತು. ಹಳೆಯ ಮರಳನ್ನು ಎಸೆದೆವು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆ, ಫಿಲ್ಟರಿಗೆ ಹೊಸ ಇದ್ದಿಲು. ಒಂದೇ ದಿನ ಎಲ್ಲ ನೀರನ್ನೂ ಬದಲಿಸಲು ನಾನು ಹೊರಟಿದ್ದೆ. ಇದ್ದ ಮೀನೂ ಆಘಾತಕ್ಕೆ ಹೋಗುತ್ತದೆಂದು ಬೈಸಿಕೊಂಡೆ. ಎಂಟು ವಾರ ಕಳೆದು ಕಿಟ್ಟಿನ ಬಣ್ಣ ತಿರುಗದೆ ನಿಂತ ಮೇಲೆ ಒಂದೇ ಒಂದು ಸೀಗಡಿ ತಂದೆವು.

ಮೂರನೇ ವಾರ ಬೆಳಿಗ್ಗೆ ನೋಡಿದರೆ ಕಲ್ಲಿನ ಪಕ್ಕ ಸೀಗಡಿ ಮಗ್ಗುಲಾಗಿ ಬಿದ್ದಿದೆ. ನನಗೆ ಎದೆ ಧಸಕ್ಕೆಂದಿತು. ಮಗಳು ಬಲೆಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಒಳಗೆ ಏನೂ ಇಲ್ಲ, ಬರೀ ಪೊರೆ! ಬೆಳೆಯುವ ಸೀಗಡಿ ಕಳಚಿದ ಹಳೆಯ ಅಂಗಿ. ಅಂಗಿಯ ಯಜಮಾನ ಕಲ್ಲಿನ ಹಿಂದೆ ಮೀಸೆ ಆಡಿಸುತ್ತಿದ್ದ. ಅವಳು ನೋಟ್ ಬುಕ್ ತೆಗೆದು ತಾರೀಖು ಬರೆದುಕೊಂಡಳು.