ತೀರ್ವೆ ಅವರದು, ಗದ್ದೆ ಯಾರದು?

ಕಾಣಿ, ಆಸ್ಟ್ರೇಲಿಯಾ, ಕೆನಡಾಗಳಿಗೆ ಬ್ರಿಟಿಷರು ಸಂಸಾರ ಸಮೇತ ಹೋಗಿ ನೆಲೆನಿಂತರು, ಮೂಲನಿವಾಸಿಗಳ ನೆಲ ಕಿತ್ತುಕೊಂಡರು. ನಮ್ಮ ಕುಂದಾಪುರ, ಬ್ರಹ್ಮಾವರದ ಬೈಲುಗಳಿಗೆ ಅವರು ನೆಲೆಸಲು ಬಂದವರಲ್ಲ. ಇಲ್ಲಿ ಅವರಿಗೆ ಬೇಕಾಗಿದ್ದು ತೀರ್ವೆ, ಅಂದರೆ ಭೂಕಂದಾಯ.

1799ರಲ್ಲಿ ಟಿಪ್ಪು ಮಡಿದ ಮೇಲೆ ನಮ್ಮ ಈ ಕರಾವಳಿ, ಅಂದಿನ ಕೆನರಾ, ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಹಳೆಯ ಲೆಕ್ಕಪತ್ರ ನೋಡಿದಾಗ ಅವನಿಗೆ ತಿಳಿಯಿತು: ಇಲ್ಲಿನ ಭೂಮಿ ದೊರೆಯದ್ದಲ್ಲ, ವರ್ಗದಾರರ, ಅಂದರೆ ಭೂಮಾಲೀಕರ, ಸ್ವಂತ ಆಸ್ತಿ. ಮಾರಬಹುದು, ಅಡವಿಡಬಹುದು. ಆ ಹಕ್ಕನ್ನು ಅವನು ಒಪ್ಪಿಕೊಂಡ, ತೀರ್ವೆ ವಸೂಲಿ ಮಾಡಿದ.

ಆದರೆ ಕೆಸರಿಗೆ ಇಳಿದವರು? ಚಾಲಗೇಣಿ ಒಕ್ಕಲುಗಳು. ಧಣಿ ಬಿಡು ಅಂದರೆ ಗದ್ದೆ ಬಿಡಬೇಕು. ಉತ್ತ ಗದ್ದೆ ಅವರ ಹೆಸರಿಗೆ ಆಗಲು 1974ರ ಭೂಸುಧಾರಣೆ ಬರಬೇಕಾಯಿತು. ಮನ್ರೋನನ್ನು ಹೊಗಳುವವರು ಇವರನ್ನು ಮರೆಯುತ್ತಾರೆ, ಅದು ನನಗೆ ನೋವು.

ಬ್ರಿಟಿಷರು ಎಳೆದ ಗೆರೆಯೂ ಒಂದಿದೆ. 1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು. ಬೈಂದೂರು ಕಡೆಯ ಶಿರೂರು ಮದ್ರಾಸು, ಪಕ್ಕದ ಭಟ್ಕಳ ಬೊಂಬಾಯಿ! 1956ರ ನವೆಂಬರ್ 1ರಂದು ಎರಡೂ ಊರುಗಳು ಮೈಸೂರು ರಾಜ್ಯಕ್ಕೆ ಬಂದವು. ದಕ್ಷಿಣ ಕೆನರಾದ ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು.