ಟಕ್ ಎಂದಿತೇ, ಢಬ್ ಎಂದಿತೇ? ಹಳೆಯ ಕಾರಿನ ಸದ್ದನ್ನು ಗುರುತಿಸುವ ಬಗೆ

ನನ್ನ ಕಾರಿನ ಸಂಖ್ಯಾಫಲಕ 08-ಡಿ ಎಂದು ಆರಂಭವಾಗುತ್ತದೆ. ಐರ್ಲೆಂಡಿನಲ್ಲಿ ವಾಹನದ ವಯಸ್ಸನ್ನು ಮುಚ್ಚಿಡಲು ಬರುವುದಿಲ್ಲ. ಮೊದಲ ಅಂಕಿಗಳು ನೋಂದಣಿಯ ವರ್ಷವನ್ನು, ಅನಂತರದ ಅಕ್ಷರ ಜಿಲ್ಲೆಯನ್ನು ಸಾರಿಬಿಡುತ್ತವೆ. ಹತ್ತು ವರ್ಷ ತುಂಬಿದ ಕಾರು ಪ್ರತಿವರ್ಷವೂ ಎನ್‌ಸಿಟಿ ಎಂಬ ರಾಷ್ಟ್ರೀಯ ಪರೀಕ್ಷೆಗೆ ಹಾಜರಾಗಬೇಕು. 2000ರಲ್ಲಿ ಆರಂಭವಾದ ಈ ಪರೀಕ್ಷೆಗೆ ಇನ್ನು ಮೂರು ವಾರಗಳಿವೆ ಎನ್ನುವಾಗ ನಮ್ಮ ಕಾರು ಸದ್ದು ಮಾಡತೊಡಗಿತು.

ಸದ್ದು ಗೇರಿನ ದಂಡದ ಬುಡದಿಂದ ಬರುತ್ತಿದೆ ಎಂಬುದು ನನ್ನ ವಾದ. "ಅಲ್ಲ ರೀ, ನನ್ನ ಕಾಲ ಕೆಳಗೇ ಬಡಿಯುತ್ತದೆ" ಎಂಬುದು ಪಕ್ಕದಲ್ಲಿ ಕುಳಿತ ಹೆಂಡತಿಯ ವಾದ. ಇಬ್ಬರೂ ತಪ್ಪಿದ್ದೆವು. ಕಾರಿನ ಒಡಲು ಉಕ್ಕಿನದು. ಒಂದು ಮೂಲೆಯಲ್ಲಿ ಹುಟ್ಟಿದ ಬಡಿತ ಒಡಲೆಲ್ಲ ಹರಿದು ಮತ್ತೊಂದು ಮೂಲೆಯಲ್ಲಿ ಕೇಳಿಸುತ್ತದೆ. ಆದ್ದರಿಂದ ಸದ್ದು ಎಲ್ಲಿಂದ ಬಂತು ಎನ್ನುವುದಕ್ಕಿಂತ ಯಾವಾಗ ಬಂತು ಎಂದು ಕೇಳಿಕೊಳ್ಳುವುದು ಲೇಸು. ಅದಕ್ಕೂ ಮೊದಲು ಡಿಕ್ಕಿಯನ್ನು ಬರಿದು ಮಾಡಿ ನೋಡಬೇಕು. ಸಡಿಲವಾದ ಜಾಕ್ ಒಂದೇ ಸಾಕು, ಮನೆಮಂದಿಯನ್ನೆಲ್ಲ ಹೆದರಿಸಲು.

ನಾನು ತೋರಿಸಿದ ಗ್ಯಾರೇಜಿನವರು ಓಡಿಸಿಯೂ ನೋಡದೆ ಕ್ಲಚ್ಚನ್ನೂ ಅದರ ಜೊತೆಯ ಫ್ಲೈವೀಲನ್ನೂ ಬದಲಿಸಬೇಕೆಂದರು. ಅವರು ಹೇಳಿದ ಮೊತ್ತಕ್ಕೆ ಅಂಥದೇ ಇನ್ನೊಂದು ಕಾರು ಸಿಗುತ್ತಿತ್ತು. ಆ ಕಾಲದ ಅನೇಕ ಡೀಸೆಲ್ ಕಾರುಗಳಲ್ಲಿ ಫ್ಲೈವೀಲ್ ಎರಡು ತಟ್ಟೆಗಳದ್ದು, ನಡುವೆ ಸ್ಪ್ರಿಂಗುಗಳಿರುತ್ತವೆ. ಅದು ಸವೆದರೆ ಕಾರು ನ್ಯೂಟ್ರಲ್‌ನಲ್ಲಿ ನಿಂತಿರುವಾಗಲೇ ಕಟಕಟ ಎನ್ನುವುದು ಸಾಮಾನ್ಯ. ಕ್ಲಚ್ ಒತ್ತಿದೊಡನೆ ಆ ಸದ್ದು ಹಲವು ವೇಳೆ ಬದಲಾಗುತ್ತದೆ. ನಮ್ಮದು ನಿಂತಾಗ ಮೌನವಾಗಿತ್ತು. ಯೋಚಿಸಿ ಹೇಳುತ್ತೇನೆಂದು ಹಿಂತಿರುಗಿದೆ.

ಶಾಲೆಯಲ್ಲಿ ಅನುಕರಣಾವ್ಯಯಗಳ ಪಟ್ಟಿಯನ್ನು ಬಾಯಿಪಾಠ ಒಪ್ಪಿಸಿದವರಿಗೆ ಇಲ್ಲೊಂದು ಅನುಕೂಲವಿದೆ. ಕಿವಿಗೊಟ್ಟು ಕೇಳಿದಾಗ ನಮ್ಮ ಕಾರಿನಲ್ಲಿ ಸದ್ದು ಒಂದಲ್ಲ, ಎರಡು ಎಂದು ತಿಳಿಯಿತು: ಹೊರಡುವಾಗ ಒಂದು ಮಂದವಾದ ಢಬ್, ಹಾಳು ರಸ್ತೆಯಲ್ಲಿ ಚುರುಕಾದ ಟಕ್ ಟಕ್.

ಢಬ್ ಎನ್ನುವುದು ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಒಮ್ಮೆ, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇನ್ನೊಮ್ಮೆ ಬರುತ್ತಿತ್ತು. ಚಕ್ರಗಳನ್ನು ತಿರುಗಿಸುವಾಗ ಇಂಜಿನು ತಾನೂ ವಿರುದ್ಧ ದಿಕ್ಕಿಗೆ ಹೊರಳಲು ನೋಡುತ್ತದೆ. ಅದನ್ನು ತಡೆಯುವುದು ರಬ್ಬರು ತುಂಬಿದ ಮೌಂಟಿಂಗುಗಳು. ರಬ್ಬರು ಹರಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಪರೀಕ್ಷೆ ಸುಲಭ: ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಒತ್ತಿ ಹಿಡಿದು, ಮೊದಲ ಗೇರಿನಲ್ಲಿಯೂ ಆಮೇಲೆ ರಿವರ್ಸ್‌ನಲ್ಲಿಯೂ ಕ್ಲಚ್ಚನ್ನು ಹಿಡಿಯುವಷ್ಟು ಮಾತ್ರ ಬಿಡಬೇಕು. ನೋಡುವವರು ಪಕ್ಕದಲ್ಲಿ ನಿಲ್ಲಬೇಕು, ಕಾರಿನ ಮುಂದೆ ಅಥವಾ ಹಿಂದೆ ಎಂದಿಗೂ ಅಲ್ಲ. ಇಂಜಿನು ಕೊಂಚ ಅಲುಗುವುದು ಸಹಜ. ನಮ್ಮದು ಎದ್ದು ಕುಕ್ಕರಿಸಿತು.

ಟಕ್ ಟಕ್‌ನ ಸುಳಿವು ರಸ್ತೆಯಲ್ಲಿಯೇ ಸಿಕ್ಕಿತು. ಲೂಕನ್‌ನ ನಮ್ಮ ಬಡಾವಣೆಯ ರಸ್ತೆಯುಬ್ಬುಗಳನ್ನು ನೇರವಾಗಿ ಹತ್ತಿಳಿದರೆ ಸದ್ದು ಇಲ್ಲವೆಂಬಷ್ಟು. ಎಡಚಕ್ರ ಮಾತ್ರ ಗುಂಡಿಗೆ ಇಳಿದರೆ ಸ್ಪಷ್ಟ. ಎಡ ಬಲ ಚಕ್ರಗಳ ನಡುವೆ ಕಾರು ವಾಲದಂತೆ ತಡೆಯುವ ಒಂದು ಸರಳಿದೆ. ಎರಡು ಚಕ್ರಗಳೂ ಒಟ್ಟಿಗೆ ಏರಿದಾಗ ಅದು ತಿರುಚಿಕೊಳ್ಳುವುದಿಲ್ಲ, ಒಂದೇ ಏರಿಳಿದಾಗ ತಿರುಚಿಕೊಳ್ಳುತ್ತದೆ. ಆ ಎಳೆತವೆಲ್ಲ ಬೀಳುವುದು ಸರಳಿನ ತುದಿಯ ಡ್ರಾಪ್ ಲಿಂಕ್ ಎಂಬ ಸಣ್ಣ ಕೊಂಡಿಯ ಮೇಲೆ. ಇಂಜಿನು ಆರಿಸಿ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಕೈಹಾಕಿ ಅದನ್ನು ಅಲುಗಿಸಿದೆ. ಕೈಗೇ ಟಕ್ ಎಂದು ತಾಗಿತು. ಊರಿನಂತೆ ಇಲ್ಲಿಯೂ ಎಡಬದಿಯ ಸಂಚಾರ. ಮಳೆನೀರು ರಸ್ತೆಯಂಚಿನಲ್ಲಿ ನಿಂತು ಗುಂಡಿಗಳನ್ನು ಮರೆಮಾಡುವುದರಿಂದ ಪೆಟ್ಟೆಲ್ಲ ಎಡಚಕ್ರಕ್ಕೇ ಎಂದು ನನ್ನ ಊಹೆ.

ಉಳಿದ ಸಾಧ್ಯತೆಗಳನ್ನು ಬೇಗನೆ ಕೈಬಿಟ್ಟೆ. ಪೂರ್ತಿ ತಿರುವಿನಲ್ಲಿ ಚಕ್ರದ ವೇಗಕ್ಕೆ ತಕ್ಕಂತೆ ಲಟಲಟ ಎಂದರೆ ಸಿವಿ ಜಾಯಿಂಟ್. ಬ್ರೇಕು ಒತ್ತಿದಾಗಲಷ್ಟೇ ಬಡಿದರೆ ಬ್ರೇಕಿನ ಪ್ಯಾಡು ಅಥವಾ ಕೆಳತೋಳಿನ ಬುಷ್. ಎರಡೂ ಇರಲಿಲ್ಲ.

ಇಲ್ಲಿಗೇ ನಿಲ್ಲಿಸುವ ಮನಸ್ಸಿತ್ತು. ಆದರೆ ಡ್ರಾಪ್ ಲಿಂಕಿನ ಟಕ್‌ಗೂ ಬಾಲ್ ಜಾಯಿಂಟಿನ ಟಕ್‌ಗೂ ಕಿವಿ ವ್ಯತ್ಯಾಸ ಕಾಣದು. ಲಿಂಕ್ ಮುರಿದರೆ ಕಾರು ತಿರುವಿನಲ್ಲಿ ಹೆಚ್ಚು ವಾಲೀತು. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಗುಚಿಕೊಳ್ಳುತ್ತದೆ. ಇದೇ ಕಾರಿನಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು ದಿನವೂ ಎಂ50 ಹೆದ್ದಾರಿಯಲ್ಲಿ ಹೋಗುತ್ತಾಳೆ. ಇದನ್ನು ನೋಡಲು ಕಾರನ್ನು ಎತ್ತಿ, ಹಾರೆಯಿಂದ ಮೀಟಬೇಕು. ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ನುಸುಳುವ ಸಾಹಸ ಯಾರೂ ಮಾಡಬಾರದು. ಬೇರೊಂದು ಗ್ಯಾರೇಜಿನಲ್ಲಿ ಪರೀಕ್ಷೆಗೆಂದೇ ಹಣ ಕೊಟ್ಟು, ಯಾವ ಸದ್ದು ಯಾವಾಗ ಬರುತ್ತದೆಂದು ಬರೆದುಕೊಟ್ಟೆ. ಮೌಂಟಿಂಗೂ ಲಿಂಕೂ ನಾನು ಹೇಳಿದಂತೆಯೇ ಸವೆದಿದ್ದವು. ಜೊತೆಗೆ, ಎಡಗಡೆಯ ಬಾಲ್ ಜಾಯಿಂಟೂ ಅಲುಗುತ್ತಿತ್ತು. ಅದರ ಸದ್ದನ್ನು ನಾನು ಲಿಂಕಿನ ಲೆಕ್ಕಕ್ಕೆ ಸೇರಿಸಿದ್ದೆ.

ಮೂರನ್ನೂ ಬದಲಿಸಿದರು. ಕ್ಲಚ್ ಹಳೆಯದೇ ಇದೆ. ಕೆಳತೋಳನ್ನು ಬಿಚ್ಚಿ ಜೋಡಿಸಿದ ಮೇಲೆ ಚಕ್ರಗಳ ನೇರವನ್ನು ಅಳೆಸದೆ ಬಿಡಬಾರದು. ಎನ್‌ಸಿಟಿಯಲ್ಲಿ ಅದನ್ನೂ ನೋಡುತ್ತಾರೆ. ಅದೊಂದು ಕೆಲಸವನ್ನು ಪರೀಕ್ಷೆಯ ಹಿಂದಿನ ದಿನ ಮುಗಿಸಿಕೊಂಡೆ.